ಆನ್‌ಲೈನ್ ಲ್ಯಾಪ್‌ಟಾಪ್ ಖರೀದಿ ಮತ್ತು ರಿಯಾಯಿತಿ ಬೆಲೆಗಳ ಹೋಲಿಕೆ

ರಿಯಾಯಿತಿ ಬೆಲೆಗಳ ಹೋಲಿಕೆ ಎಂದರೆ ಒಂದೇ ವಸ್ತುವಿಗೆ ಅಥವಾ ಒಂದೇ ಉಪಯೋಗದ ಹಲವು ವಸ್ತುಗಳಿಗೆ ಬೇರೆ ಬೇರೆ ಮಾರಾಟಗಾರರು ಕೇಳುವ ಬೆಲೆಗಳನ್ನು, ಅವುಗಳ ಗುಣ, ಖಾತರಿ ಮತ್ತು ಷರತ್ತುಗಳೊಡನೆ ಇಟ್ಟು ತೂಗಿನೋಡುವ ಕ್ರಮ. ಅಂತರ್ಜಾಲದ ಮೂಲಕ ಲ್ಯಾಪ್‌ಟಾಪ್ ಕೊಳ್ಳುವಾಗ ಈ ಕ್ರಮಕ್ಕೆ ವಿಶೇಷ ಮಹತ್ವವಿದೆ. ಒಂದೇ ಹೆಸರಿನ ಲ್ಯಾಪ್‌ಟಾಪ್ ಹಲವು ಉಪಮಾದರಿಗಳಲ್ಲಿ ದೊರೆಯುವುದು, ಬೆಲೆ ದಿನದಿಂದ ದಿನಕ್ಕೆ ಬದಲಾಗುವುದು ಮತ್ತು ರಿಯಾಯಿತಿಯ ಬಹುಭಾಗ ಷರತ್ತಿಗೆ ಒಳಪಟ್ಟಿರುವುದು ಇದಕ್ಕೆ ಕಾರಣಗಳು. ಕರ್ನಾಟಕದ ಗ್ರಾಮೀಣ ಕುಟುಂಬಗಳಲ್ಲಿ ಲ್ಯಾಪ್‌ಟಾಪ್ ಸಾಮಾನ್ಯವಾಗಿ ಮಕ್ಕಳ ಪದವಿ ಅಥವಾ ವೃತ್ತಿಶಿಕ್ಷಣಕ್ಕಾಗಿ ಒಮ್ಮೆ ಮಾತ್ರ ಕೊಳ್ಳುವ ವಸ್ತು. ಆದುದರಿಂದ ಆಯ್ಕೆಯಲ್ಲಾದ ತಪ್ಪನ್ನು ಮೂರು ನಾಲ್ಕು ವರ್ಷ ಅನುಭವಿಸಬೇಕಾಗುತ್ತದೆ.

## ಹಿನ್ನೆಲೆ

ಆನ್‌ಲೈನ್ ಮಾರಾಟ ಬರುವ ಮೊದಲು ಕರ್ನಾಟಕದಲ್ಲಿ ಗಣಕಯಂತ್ರಗಳ ದೊಡ್ಡ ಮಾರುಕಟ್ಟೆಯೆಂದರೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ (ಎಸ್.ಪಿ. ರಸ್ತೆ). ಹೊಸ ಮತ್ತು ಹಳೆಯ ಯಂತ್ರಗಳು, ಬಿಡಿಭಾಗಗಳು ಹಾಗೂ ದುರಸ್ತಿ ಮೂರೂ ಅಲ್ಲಿ ಒಂದೇ ಕಡೆ ದೊರೆಯುತ್ತಿದ್ದವು, ಇಂದಿಗೂ ದೊರೆಯುತ್ತವೆ. ಹತ್ತು ಅಂಗಡಿ ಹತ್ತಿಳಿದು ಬೆಲೆ ಕೇಳುವುದೇ ಅಂದಿನ ಹೋಲಿಕೆಯ ಕ್ರಮವಾಗಿತ್ತು.

2007ರಲ್ಲಿ ಸಚಿನ್ ಬನ್ಸಾಲ್ ಮತ್ತು ಬಿನ್ನಿ ಬನ್ಸಾಲ್ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಸಂಸ್ಥೆಯನ್ನು ಪುಸ್ತಕ ಮಾರಾಟದಿಂದ ಆರಂಭಿಸಿದರು. 2010ರಲ್ಲಿ ಅದು ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಬ್ಯಾಂಕ್ ಕಾರ್ಡ್ ಇಲ್ಲದವರೂ ಆನ್‌ಲೈನ್‌ನಲ್ಲಿ ಕೊಳ್ಳಲು ಇದರಿಂದ ಸಾಧ್ಯವಾಯಿತು. ಅಮೆಜಾನ್ ಸಂಸ್ಥೆ ತನ್ನ ಭಾರತೀಯ ಮಾರಾಟ ತಾಣವನ್ನು 2013ರ ಜೂನ್‌ನಲ್ಲಿ ಆರಂಭಿಸಿತು. 2014ರ ಅಕ್ಟೋಬರ್ 6ರಂದು ನಡೆದ ಫ್ಲಿಪ್‌ಕಾರ್ಟ್‌ನ ‘ಬಿಗ್ ಬಿಲಿಯನ್ ಡೇ’ ದೇಶದಲ್ಲಿ ಹಬ್ಬದ ಆನ್‌ಲೈನ್ ರಿಯಾಯಿತಿ ಮಾರಾಟಕ್ಕೆ ಮಾದರಿಯಾಯಿತು. ಅಂದು ತಾಣ ನಿಧಾನಗೊಂಡುದು, ಸರಕು ಬೇಗ ಮುಗಿದುದು ಮತ್ತು ಬೆಲೆಗಳು ಬದಲಾದುದರ ಬಗ್ಗೆ ದೂರುಗಳು ಬಂದವು. ಸ್ಥಾಪಕರು ಮರುದಿನವೇ ಗ್ರಾಹಕರ ಕ್ಷಮೆ ಕೋರಿದರು. 2020ರಲ್ಲಿ ಈ ಎರಡೂ ತಾಣಗಳು ಕನ್ನಡದಲ್ಲಿ ದೊರೆಯುವಂತಾದವು.

## ಬೆಲೆಯ ರಚನೆ

### ಗರಿಷ್ಠ ಚಿಲ್ಲರೆ ಬೆಲೆ

ಪೊಟ್ಟಣದ ಮೇಲೆ ಮುದ್ರಿಸುವ ಗರಿಷ್ಠ ಚಿಲ್ಲರೆ ಬೆಲೆ (ಎಂ.ಆರ್.ಪಿ.) ಎಲ್ಲ ತೆರಿಗೆಗಳನ್ನು ಒಳಗೊಂಡಿರುತ್ತದೆ. ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. 2018ರ ಜನವರಿ 1ರಿಂದ ಆನ್‌ಲೈನ್ ತಾಣಗಳೂ ಈ ಬೆಲೆಯನ್ನು ಪ್ರಕಟಿಸುವುದು ಕಡ್ಡಾಯವಾಗಿದೆ. ಈ ಬೆಲೆಯನ್ನು ನಿಗದಿ ಮಾಡುವವರು ತಯಾರಕರು ಅಥವಾ ಆಮದುದಾರರು, ಸರ್ಕಾರವಲ್ಲ. ಲ್ಯಾಪ್‌ಟಾಪ್‌ಗಳು ವರ್ಷವಿಡೀ ಇದಕ್ಕಿಂತ ಬಹಳ ಕಡಿಮೆ ಬೆಲೆಗೆ ಮಾರಾಟವಾಗುವುದರಿಂದ, ಎಂ.ಆರ್.ಪಿ.ಯಿಂದ ಲೆಕ್ಕ ಹಾಕಿದ ಶೇಕಡಾವಾರು ರಿಯಾಯಿತಿಯು ಉಳಿತಾಯದ ನಿಜವಾದ ಅಳತೆಯಾಗಲಾರದು.

### ತೆರಿಗೆ

ಲ್ಯಾಪ್‌ಟಾಪ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ (ಜಿ.ಎಸ್.ಟಿ.) ಶೇ. 18. ತಾಣದಲ್ಲಿ ಕಾಣುವ ಬೆಲೆಯಲ್ಲಿ ಇದು ಸೇರಿರುತ್ತದೆ. ₹50,000 ಬೆಲೆಯ ಯಂತ್ರದಲ್ಲಿ ತೆರಿಗೆಯ ಭಾಗ ಸುಮಾರು ₹7,627. ಜಿ.ಎಸ್.ಟಿ. ನೋಂದಣಿಯುಳ್ಳ ವ್ಯಾಪಾರಿಗಳು ವ್ಯವಹಾರದ ಬಳಕೆಗೆ ಕೊಂಡಾಗ ಈ ಮೊತ್ತವನ್ನು ತಮ್ಮ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ‘ಜಿ.ಎಸ್.ಟಿ. ಬಿಲ್ ಮೇಲೆ ಹೆಚ್ಚುವರಿ ಉಳಿತಾಯ’ ಎಂಬ ಜಾಹೀರಾತು ಇಂಥವರಿಗೆ ಮಾತ್ರ ಅನ್ವಯಿಸುತ್ತದೆ, ವಿದ್ಯಾರ್ಥಿಗಳಿಗೆ ಅಲ್ಲ.

### ಬ್ಯಾಂಕ್ ರಿಯಾಯಿತಿ, ವಿನಿಮಯ ಮತ್ತು ಕಂತು

ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವ ಅಂತಿಮ ಬೆಲೆಯು ಅನೇಕ ವೇಳೆ ನಿರ್ದಿಷ್ಟ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಉಳ್ಳವರಿಗೆ ಅಥವಾ ಹಳೆಯ ಲ್ಯಾಪ್‌ಟಾಪ್ ಮರಳಿ ಕೊಡುವವರಿಗೆ ಮಾತ್ರ ದೊರೆಯುವ ಬೆಲೆಯಾಗಿರುತ್ತದೆ. ‘ಶೇ. 10 ರಿಯಾಯಿತಿ’ ಎಂಬುದಕ್ಕೆ ₹1,500ರಂತಹ ಗರಿಷ್ಠ ಮಿತಿ ಇರುವುದು ಸಾಮಾನ್ಯ.

‘ಬಡ್ಡಿರಹಿತ ಕಂತು’ ಸಂಪೂರ್ಣ ಉಚಿತವಲ್ಲ. ಬ್ಯಾಂಕ್ ಬಡ್ಡಿ ವಿಧಿಸುತ್ತದೆ. ಅಷ್ಟೇ ಮೊತ್ತವನ್ನು ಮಾರಾಟಗಾರರು ಅಥವಾ ತಯಾರಕರು ಬೆಲೆಯಲ್ಲಿ ಮೊದಲೇ ಇಳಿಸಿರುತ್ತಾರೆ. ಆ ಬಡ್ಡಿಯ ಮೇಲಿನ ಶೇ. 18 ಜಿ.ಎಸ್.ಟಿ. ಮತ್ತು ಸಂಸ್ಕರಣಾ ಶುಲ್ಕ ಗ್ರಾಹಕರ ಮೇಲೆ ಬೀಳುತ್ತವೆ. ಉದಾಹರಣೆಗೆ, ₹45,000ರ ಲ್ಯಾಪ್‌ಟಾಪನ್ನು ವಾರ್ಷಿಕ ಶೇ. 15 ಬಡ್ಡಿದರದಲ್ಲಿ ಆರು ತಿಂಗಳ ಬಡ್ಡಿರಹಿತ ಕಂತಿಗೆ ಕೊಂಡರೆ ತಿಂಗಳ ಕಂತು ₹7,500. ಅದರೊಳಗಿನ ಬಡ್ಡಿ ಸುಮಾರು ₹1,905; ಅದರ ಮೇಲಿನ ತೆರಿಗೆ ₹343. ₹199ರ ಸಂಸ್ಕರಣಾ ಶುಲ್ಕವು ತೆರಿಗೆ ಸೇರಿ ₹235 ಆಗುತ್ತದೆ. ಹೀಗೆ ಒಟ್ಟು ₹578 ಹೆಚ್ಚು ತೆರಬೇಕಾಗುತ್ತದೆ. ಶೂನ್ಯ ಬಡ್ಡಿಯ ಹೆಸರಿನಲ್ಲಿ ಬಡ್ಡಿಯನ್ನು ಮರೆಮಾಚುವ ಯೋಜನೆಗಳ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು.

## ಯಂತ್ರಗಳ ಹೋಲಿಕೆ

ಬೆಲೆಯನ್ನು ಹೋಲಿಸುವ ಮೊದಲು ಹೋಲಿಸುತ್ತಿರುವ ಎರಡು ಯಂತ್ರಗಳು ಒಂದೇ ಬಗೆಯವೇ ಎಂದು ಖಚಿತಪಡಿಸಿಕೊಳ್ಳಬೇಕು. ಬ್ರ್ಯಾಂಡ್ ಮತ್ತು ಸರಣಿಯ ಹೆಸರು ಇದಕ್ಕೆ ಸಾಲದು. ಪೊಟ್ಟಣದ ಮೇಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು, ಅದರ ಕೊನೆಯ ಅಕ್ಷರಗಳ ಸಹಿತ, ತಾಳೆ ನೋಡಬೇಕು. ಆ ಕೊನೆಯ ಅಕ್ಷರಗಳಲ್ಲಿಯೇ ಮೆಮೊರಿ, ಪರದೆ ಮತ್ತು ಸಂಗ್ರಹದ ವ್ಯತ್ಯಾಸ ಅಡಗಿರುತ್ತದೆ.

### ಸಂಸ್ಕಾರಕ

ಇಂಟೆಲ್ ಸಂಸ್ಥೆಯ ‘ಕೋರ್ ಐ5-1235ಯು’ ಎಂಬ ಹೆಸರಿನಲ್ಲಿ ‘12’ ಎಂಬುದು ಹನ್ನೆರಡನೆಯ ಪೀಳಿಗೆಯನ್ನೂ, ‘ಯು’ ಎಂಬುದು ಕಡಿಮೆ ವಿದ್ಯುತ್ ಬಳಸುವ ವರ್ಗವನ್ನೂ ಸೂಚಿಸುತ್ತದೆ. ‘ಎಚ್’ ಎಂದು ಕೊನೆಗೊಳ್ಳುವವು ಹೆಚ್ಚು ಶಕ್ತಿಯವು. ಅವುಗಳಲ್ಲಿ ಬ್ಯಾಟರಿ ಬೇಗ ಮುಗಿಯುತ್ತದೆ. ಹಳೆಯ ಪೀಳಿಗೆಯ ಐ7ಗಿಂತ ಹೊಸ ಪೀಳಿಗೆಯ ಐ5 ವೇಗವಾಗಿರುವ ಸಂದರ್ಭಗಳು ಉಂಟು. ಆದುದರಿಂದ ‘ಐ7’ ಎಂಬ ಒಂದು ಅಂಶದ ಮೇಲೆ ಬೆಲೆ ಕಟ್ಟಲಾಗದು.

ಎಎಂಡಿ ಸಂಸ್ಥೆಯ ರೈಜೆನ್ 7000 ಸರಣಿಯಲ್ಲಿ ಮೂರನೆಯ ಅಂಕಿ ಮುಖ್ಯ. ರೈಜೆನ್ 5 7520ಯು, 7530ಯು ಮತ್ತು 7640ಯು ನೋಡಲು ಒಂದೇ ಕುಟುಂಬದವಂತೆ ಕಂಡರೂ ಅವು ಕ್ರಮವಾಗಿ ಜೆನ್ 2, ಜೆನ್ 3 ಮತ್ತು ಜೆನ್ 4 ಎಂಬ ಬೇರೆ ಬೇರೆ ಕಾಲದ ವಿನ್ಯಾಸಗಳು. ರಿಯಾಯಿತಿ ಮಾರಾಟದಲ್ಲಿ ಮೊದಲನೆಯದು ಅಗ್ಗವಾಗಿ ಕಾಣಲು ಇದೇ ಕಾರಣ.

### ಮೆಮೊರಿ ಮತ್ತು ಸಂಗ್ರಹ

ವಿಂಡೋಸ್ 11 ನಡೆಸಲು ಅಧಿಕೃತವಾಗಿ ಬೇಕಾದ ಕನಿಷ್ಠ ಮೆಮೊರಿ 4 ಜಿಬಿ. ಇದು ಕನಿಷ್ಠ ಅರ್ಹತೆಯೇ ಹೊರತು ನೆಮ್ಮದಿಯ ಬಳಕೆಯ ಅಳತೆಯಲ್ಲ. ಬರಹ, ಅಂತರ್ಜಾಲ ಮತ್ತು ಆನ್‌ಲೈನ್ ತರಗತಿಗೆ 8 ಜಿಬಿ, ತಂತ್ರಾಂಶ ರಚನೆ ಹಾಗೂ ಎಂಜಿನಿಯರಿಂಗ್ ವಿನ್ಯಾಸಕ್ಕೆ 16 ಜಿಬಿ ಇದ್ದರೆ ಅನುಕೂಲ. ಕೆಲವು ತೆಳು ಮಾದರಿಗಳಲ್ಲಿ ಮೆಮೊರಿಯನ್ನು ಮುಖ್ಯ ಫಲಕಕ್ಕೆ ಬೆಸೆದಿರುತ್ತಾರೆ. ಅಂಥವುಗಳಲ್ಲಿ ಮುಂದೆ ಹೆಚ್ಚಿಸಲು ಅವಕಾಶವಿಲ್ಲ.

ಸಂಗ್ರಹಕ್ಕೆ ಎಸ್‌ಎಸ್‌ಡಿ ಇರುವುದನ್ನೇ ಆರಿಸಬೇಕು. ಅತಿ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿರುವ ಇಎಂಎಂಸಿ ನಿಧಾನವಾದುದು, ಗಾತ್ರದಲ್ಲಿಯೂ ಚಿಕ್ಕದು. 512 ಜಿಬಿ ಎಂದು ಬರೆದ ಯಂತ್ರದಲ್ಲಿ ವಿಂಡೋಸ್ ಸುಮಾರು 476 ಜಿಬಿ ಎಂದು ತೋರಿಸುತ್ತದೆ. ತಯಾರಕರು ದಶಮಾನ ಕ್ರಮದಲ್ಲಿ, ವಿಂಡೋಸ್ ದ್ವಿಮಾನ ಕ್ರಮದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸವಿದು, ಮೋಸವಲ್ಲ.

### ಪರದೆ ಮತ್ತು ಬ್ಯಾಟರಿ

ವಿವರಪಟ್ಟಿಯಲ್ಲಿ ‘ಐಪಿಎಸ್’ ಎಂದಿದ್ದರೆ ಪಕ್ಕದಿಂದ ನೋಡಿದಾಗಲೂ ಬಣ್ಣ ಮಾಸುವುದಿಲ್ಲ. ‘ಟಿಎನ್’ ಪರದೆಗಳಲ್ಲಿ ಮಾಸುತ್ತದೆ. ಬ್ಯಾಟರಿಯನ್ನು ‘ಹತ್ತು ಗಂಟೆ’ ಎಂಬ ಹೇಳಿಕೆಯಿಂದ ಹೋಲಿಸದೆ ವ್ಯಾಟ್-ಗಂಟೆಯಿಂದ ಹೋಲಿಸಬೇಕು. ಒಂದೇ ಬಗೆಯ ಎರಡು ಯಂತ್ರಗಳಲ್ಲಿ 41 ವ್ಯಾಟ್-ಗಂಟೆಯದಕ್ಕಿಂತ 54 ವ್ಯಾಟ್-ಗಂಟೆಯದು ಹೆಚ್ಚು ಕಾಲ ಬಾಳುತ್ತದೆ. ವಿದ್ಯುತ್ ಆಗಾಗ ಕೈಕೊಡುವ ಊರುಗಳಲ್ಲಿ ಇದು ಸಂಸ್ಕಾರಕದಷ್ಟೇ ಮುಖ್ಯ.

### ತಂತ್ರಾಂಶ

‘ಡಾಸ್’ ಎಂದು ನಮೂದಿಸಿದ ಲ್ಯಾಪ್‌ಟಾಪ್‌ಗಳು ವಿಂಡೋಸ್ ಪರವಾನಗಿ ಇಲ್ಲದೆ ಬರುವುದರಿಂದ ಅಗ್ಗ. ಉಬುಂಟು ಮತ್ತು ಲಿಬ್ರೆ ಆಫೀಸ್‌ನಂತಹ ಮುಕ್ತ ತಂತ್ರಾಂಶ ಬಳಸುವವರಿಗೆ ಇದು ಲಾಭದ ಆಯ್ಕೆ. ವಿಂಡೋಸ್ ಬೇಕೆನ್ನುವವರು ಪರವಾನಗಿಯ ಬೆಲೆಯನ್ನು ಸೇರಿಸಿ ಹೋಲಿಸಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ವಿಂಡೋಸ್‌ಗಾಗಿ ರೂಪಿತವಾದುದು. ಕನ್ನಡದ ಬೆರಳಚ್ಚು ಕೆಲಸಕ್ಕೆ ಲ್ಯಾಪ್‌ಟಾಪ್ ಕೊಳ್ಳುವವರು ಕ್ರೋಮ್‌ಬುಕ್ ಆರಿಸುವ ಮೊದಲು ಇದನ್ನು ಗಮನಿಸಬೇಕು. ಆದರೆ ಯೂನಿಕೋಡ್ ಕನ್ನಡವನ್ನು ಇಂದಿನ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲಿಯೂ ಬರೆಯಬಹುದು.

## ನಿಜಬೆಲೆಯ ಲೆಕ್ಕ

ಹೋಲಿಕೆಗೆ ಉಪಯೋಗಿಸಬೇಕಾದುದು ಕೈಯಿಂದ ಹೋಗುವ ಒಟ್ಟು ಹಣ. ಮಾರಾಟ ಬೆಲೆಯಿಂದ ಗ್ರಾಹಕರಿಗೆ ನಿಜವಾಗಿ ದೊರೆಯುವ ರಿಯಾಯಿತಿಗಳನ್ನು ಕಳೆದು, ಸಾಗಣೆ, ಶುಲ್ಕ ಮತ್ತು ಪ್ರಯಾಣದ ವೆಚ್ಚವನ್ನು ಕೂಡಿಸಿದರೆ ಅದು ಸಿಗುತ್ತದೆ. ಕೆಳಗಿನ ಪಟ್ಟಿಯ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಮೂರೂ ಯಂತ್ರಗಳ ಸಂಸ್ಕಾರಕ ಒಂದೇ ಎಂದು ಭಾವಿಸಲಾಗಿದೆ.

| ವಿವರ | ತಾಣ ‘ಅ’ | ತಾಣ ‘ಆ’ | ತುಮಕೂರಿನ ಅಂಗಡಿ |
|---|---|---|---|
| ಮೆಮೊರಿ | 16 ಜಿಬಿ | 8 ಜಿಬಿ | 16 ಜಿಬಿ |
| ಎಂ.ಆರ್.ಪಿ. | ₹78,000 | ₹60,000 | ₹78,000 |
| ಘೋಷಿತ ರಿಯಾಯಿತಿ | ಶೇ. 40 | ಶೇ. 25 | — |
| ಮಾರಾಟ ಬೆಲೆ | ₹46,800 | ₹45,000 | ₹46,000 |
| ಬ್ಯಾಂಕ್ ಕಾರ್ಡ್ ರಿಯಾಯಿತಿ | ₹1,500 | ಇಲ್ಲ | ಇಲ್ಲ |
| ಸಾಗಣೆ ಅಥವಾ ಪ್ರಯಾಣ | ಇಲ್ಲ | ₹99 | ₹300 |
| ಕಾರ್ಡ್ ಇದ್ದವರಿಗೆ ನಿಜಬೆಲೆ | ₹45,300 | ₹45,099 | ₹46,300 |
| ಕಾರ್ಡ್ ಇಲ್ಲದವರಿಗೆ ನಿಜಬೆಲೆ | ₹46,800 | ₹45,099 | ₹46,300 |

ಶೇ. 40ರ ರಿಯಾಯಿತಿಗಿಂತ ಶೇ. 25ರ ರಿಯಾಯಿತಿಯ ಯಂತ್ರವೇ ಇಲ್ಲಿ ಅಗ್ಗ. ಆದರೆ ಅದರ ಮೆಮೊರಿ ಅರ್ಧ. ಕಾರ್ಡ್ ಉಳ್ಳವರು ₹201 ಹೆಚ್ಚು ಕೊಟ್ಟು ‘ಅ’ ಆರಿಸುವುದು ಸೂಕ್ತ. ಕಾರ್ಡ್ ಇಲ್ಲದ ಮನೆಯವರಿಗೆ 16 ಜಿಬಿ ಬೇಕಿದ್ದರೆ ಅಂಗಡಿಯಲ್ಲಿ ಕೊಳ್ಳುವುದೇ ₹500 ಉಳಿತಾಯ. ಒಂದೇ ಪಟ್ಟಿಯಿಂದ ಇಬ್ಬರಿಗೆ ಎರಡು ಉತ್ತರಗಳು ಬರುತ್ತವೆ.

## ಕೊಳ್ಳುವ ಸಮಯ

ದೊಡ್ಡ ರಿಯಾಯಿತಿ ಮಾರಾಟಗಳು ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಹಾಗೂ ದಸರಾ-ದೀಪಾವಳಿಯ ಸುತ್ತ ನಡೆಯುತ್ತವೆ. ಜೂನ್-ಜುಲೈನಲ್ಲಿ ಕಾಲೇಜು ಆರಂಭದ ಕೊಡುಗೆಗಳು ಬರುತ್ತವೆ. ಹೊಸ ಪೀಳಿಗೆಯ ಸಂಸ್ಕಾರಕ ಬಂದಾಗ ಹಿಂದಿನ ಪೀಳಿಗೆಯ ಯಂತ್ರಗಳ ಬೆಲೆ ಇಳಿಯುವುದುಂಟು. ವಿದ್ಯಾರ್ಥಿಗಳ ಬಳಕೆಗೆ ಅವು ಸಾಕಷ್ಟು ಸಮರ್ಥವಾಗಿರುತ್ತವೆ.

ಮಾರಾಟದ ದಿನದ ಬೆಲೆ ನಿಜವಾಗಿಯೂ ಕಡಿಮೆಯೇ ಎಂದು ತಿಳಿಯಲು ಬೆಲೆಯ ಇತಿಹಾಸ ನೋಡಬೇಕು. ಕೀಪಾ, ಬೈಹ್ಯಾಟ್‌ಕೆ ಮೊದಲಾದ ಸಾಧನಗಳು ಹಿಂದಿನ ತಿಂಗಳುಗಳ ಬೆಲೆಯನ್ನು ರೇಖಾಚಿತ್ರದಲ್ಲಿ ತೋರಿಸುತ್ತವೆ. ಹೋಲಿಕೆ ತಾಣಗಳಲ್ಲಿ ಹಲವು ತಮ್ಮ ಕೊಂಡಿಯ ಮೂಲಕ ನಡೆದ ಮಾರಾಟಕ್ಕೆ ದಲ್ಲಾಳಿ ಹಣ ಪಡೆಯುತ್ತವೆ. ಆದುದರಿಂದ ಅವುಗಳ ಅಂಕಿಯನ್ನು ಬಳಸಿಕೊಂಡು ಶಿಫಾರಸನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಒಳ್ಳೆಯದು. ಸಾಧನ ಬಳಸಲು ಬಾರದವರು ಎರಡು ಮೂರು ವಾರ ಮೊದಲೇ ಬೇಕಾದ ಮಾದರಿಯ ಬೆಲೆಯನ್ನು ದಿನಾಂಕ ಸಹಿತ ಹಾಳೆಯಲ್ಲಿ ಬರೆದಿಟ್ಟುಕೊಂಡರೂ ಸಾಕು.

## ಗ್ರಾಮೀಣ ಪ್ರದೇಶದ ವಿಶೇಷಗಳು

ಬೆಲೆ, ಸಾಗಣೆಯ ಅವಧಿ ಮತ್ತು ಮಾರಾಟಗಾರರು ಪಿನ್‌ಕೋಡ್‌ಗೆ ತಕ್ಕಂತೆ ಬದಲಾಗಬಹುದು. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇವುಗಳಲ್ಲಿ ಮಧುಗಿರಿ (572132), ಶಿರಾ (572137) ಮತ್ತು ಕೊರಟಗೆರೆ (572129) ಪಟ್ಟಣಗಳ ಪಿನ್‌ಕೋಡ್ 572ರಿಂದ ಆರಂಭವಾದರೆ ಪಾವಗಡದ್ದು (561202) 561ರಿಂದ ಆರಂಭವಾಗುತ್ತದೆ. ಐ.ಡಿ. ಹಳ್ಳಿಯಂತಹ ಹೋಬಳಿ ಕೇಂದ್ರದವರು ತಮ್ಮ ಊರಿನ ಪಿನ್‌ಕೋಡ್ ಹಾಕಿದ ಮೇಲೆ ಕಾಣುವ ಬೆಲೆಯನ್ನೇ ಗಣನೆಗೆ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿರುವ ಬಂಧುಗಳ ವಿಳಾಸಕ್ಕೆ ತರಿಸಿದರೆ ಬೇಗ ಬರಬಹುದು. ಆದರೆ ಪೊಟ್ಟಣ ತೆರೆಯುವುದು ತಡವಾಗಿ ಬದಲಾವಣೆಯ ಅವಧಿ ಮುಗಿದುಹೋಗುವ ಅಪಾಯವಿದೆ.

ದುರಸ್ತಿ ಇನ್ನೊಂದು ಮುಖ್ಯ ವಿಷಯ. ಪಾವಗಡದಿಂದ ಜಿಲ್ಲಾ ಕೇಂದ್ರ ತುಮಕೂರು ಸುಮಾರು 100 ಕಿ.ಮೀ. ದೂರದಲ್ಲಿದೆ. ಖಾತರಿಯು ‘ಮನೆಗೇ ಬಂದು ದುರಸ್ತಿ’ ಮಾಡುವ ಬಗೆಯದೋ, ಸೇವಾ ಕೇಂದ್ರಕ್ಕೆ ಒಯ್ಯಬೇಕಾದುದೋ ಎಂಬುದನ್ನು ಮತ್ತು ಮನೆ ಸೇವೆ ತಮ್ಮ ಪಿನ್‌ಕೋಡ್‌ಗೆ ಅನ್ವಯಿಸುತ್ತದೆಯೇ ಎಂಬುದನ್ನು ತಯಾರಕರ ಸಹಾಯವಾಣಿಯಲ್ಲಿ ಕೊಳ್ಳುವ ಮೊದಲೇ ವಿಚಾರಿಸಬೇಕು. ಎರಡು ಸಲ ತುಮಕೂರಿಗೆ ಹೋಗಿಬರುವ ಬಸ್ಸಿನ ಹಣ ಮತ್ತು ಕಳೆದುಹೋಗುವ ಕೂಲಿ ದಿನಗಳು ಆನ್‌ಲೈನ್ ಉಳಿತಾಯವನ್ನು ನುಂಗಿಬಿಡಬಲ್ಲವು.

ಕರ್ನಾಟಕ ಸರ್ಕಾರವು ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೂ, ಕಟ್ಟಡ ಕಾರ್ಮಿಕರ ಮಕ್ಕಳಿಗೂ ವಿವಿಧ ವರ್ಷಗಳಲ್ಲಿ ಲ್ಯಾಪ್‌ಟಾಪ್ ವಿತರಿಸಿದೆ. ಸಾಲ ಮಾಡಿ ಕೊಳ್ಳುವ ಮೊದಲು ಅಂತಹ ಯೋಜನೆ ಆ ವರ್ಷ ಜಾರಿಯಲ್ಲಿದೆಯೇ ಎಂದು ಕಾಲೇಜಿನ ಕಚೇರಿಯಲ್ಲಿ ಅಥವಾ ಕಾರ್ಮಿಕ ಇಲಾಖೆಯಲ್ಲಿ ಕೇಳಿ ತಿಳಿಯಬೇಕು.

## ನವೀಕೃತ ಲ್ಯಾಪ್‌ಟಾಪ್‌ಗಳು

ಕಂಪನಿಗಳು ಬಳಸಿ ಬಿಟ್ಟ ಯಂತ್ರಗಳನ್ನು ಪರೀಕ್ಷಿಸಿ, ಸರಿಪಡಿಸಿ ಮಾರುವುದಕ್ಕೆ ನವೀಕೃತ ಮಾರಾಟ ಎನ್ನುತ್ತಾರೆ. ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೈಟ್‌ಬುಕ್ ಮೊದಲಾದ ಕಚೇರಿ ಸರಣಿಗಳು ಗಟ್ಟಿಮುಟ್ಟಾದವು ಎಂಬ ಹೆಸರು ಪಡೆದಿವೆ. ಇಂಥವನ್ನು ಕೊಳ್ಳುವಾಗ ಸಂಸ್ಕಾರಕದ ಪೀಳಿಗೆ ನಿರ್ಣಾಯಕ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಟಿಪಿಎಂ 2.0 ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಸಂಸ್ಕಾರಕಗಳಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದು ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆರನೆಯ ಪೀಳಿಗೆಯ ಯಂತ್ರಗಳು ಈಗ ಬಹಳ ಅಗ್ಗವಾಗಿ ಸಿಗಲು ಇದೂ ಒಂದು ಕಾರಣ. ಬ್ಯಾಟರಿ ಸವೆದಿರುವ ಸಾಧ್ಯತೆ ಇರುವುದರಿಂದ ಹೊಸ ಬ್ಯಾಟರಿಯ ಬೆಲೆಯನ್ನೂ ನಿಜಬೆಲೆಗೆ ಸೇರಿಸಬೇಕು.

## ವಸ್ತು ಕೈಸೇರಿದಾಗ

2022ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಗ್ರಾಹಕರೊಬ್ಬರು ದೀಪಾವಳಿ ಮಾರಾಟದಲ್ಲಿ ಕೊಂಡ ಗೇಮಿಂಗ್ ಲ್ಯಾಪ್‌ಟಾಪಿನ ಪೊಟ್ಟಣದಲ್ಲಿ ಕಲ್ಲು ಮತ್ತು ಇ-ತ್ಯಾಜ್ಯ ಬಂದ ಪ್ರಕರಣ ವರದಿಯಾಗಿತ್ತು. ಚಿತ್ರಗಳ ಸಹಿತ ದೂರಿದ ಬಳಿಕ ಅವರಿಗೆ ಹಣ ಮರಳಿ ದೊರೆಯಿತು. ಇಂತಹ ಸಂದರ್ಭದಲ್ಲಿ ಪುರಾವೆಯೇ ಗ್ರಾಹಕರ ಬಲ. ಅದಕ್ಕಾಗಿ ಅನುಸರಿಸಬೇಕಾದ ಕ್ರಮಗಳು:

* ವಿತರಕರ ಎದುರಿನಲ್ಲಿಯೇ ತೆರೆದು ತೋರಿಸುವ ‘ಓಪನ್ ಬಾಕ್ಸ್’ ವಿತರಣೆ ಲಭ್ಯವಿದ್ದರೆ ಅದನ್ನೇ ಆರಿಸಬೇಕು. ವಸ್ತುವನ್ನು ನೋಡಿದ ನಂತರವೇ ಒಟಿಪಿ ಹೇಳಬೇಕು.
* ಮುದ್ರೆ ಒಡೆಯುವುದರಿಂದ ಯಂತ್ರ ಚಾಲೂ ಆಗುವವರೆಗೆ ನಿಲ್ಲಿಸದೆ ವಿಡಿಯೊ ಚಿತ್ರೀಕರಿಸಬೇಕು. ವಿಳಾಸದ ಚೀಟಿ ಅದರಲ್ಲಿ ಕಾಣಬೇಕು.
* ಪೊಟ್ಟಣ, ಯಂತ್ರ ಮತ್ತು ಬಿಲ್ಲಿನ ಮೇಲಿನ ಕ್ರಮಸಂಖ್ಯೆಗಳು ಒಂದೇ ಆಗಿವೆಯೇ ಎಂದು ನೋಡಿ, ತಯಾರಕರ ತಾಣದಲ್ಲಿ ಖಾತರಿಯ ಆರಂಭದ ದಿನಾಂಕವನ್ನು ಪರಿಶೀಲಿಸಬೇಕು.
* ಮೆಮೊರಿ, ಸಂಗ್ರಹ, ಕೀಲಿಮಣೆ, ಕ್ಯಾಮೆರಾ ಮತ್ತು ಚಾರ್ಜರನ್ನು ಮೊದಲ ದಿನವೇ ಪರೀಕ್ಷಿಸಬೇಕು. ಬದಲಾವಣೆಯ ಅವಧಿ ಕೆಲವೇ ದಿನಗಳದಾಗಿದ್ದು, ಹಲವು ಲ್ಯಾಪ್‌ಟಾಪ್‌ಗಳಿಗೆ ಹಣ ಮರಳಿಸದೆ ಯಂತ್ರವನ್ನು ಮಾತ್ರ ಬದಲಾಯಿಸಿಕೊಡಲಾಗುತ್ತದೆ.

## ಗ್ರಾಹಕರ ಹಕ್ಕುಗಳು

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂದಿತು. ಅದರಡಿಯ ಇ-ವಾಣಿಜ್ಯ ನಿಯಮಗಳನ್ನು ಅದೇ ತಿಂಗಳ 23ರಂದು ಪ್ರಕಟಿಸಲಾಯಿತು. ಈ ನಿಯಮಗಳ ಪ್ರಕಾರ ತಾಣಗಳು ಮಾರಾಟಗಾರರ ವಿವರ, ತಯಾರಾದ ದೇಶ, ಮರಳಿಸುವ ಷರತ್ತು ಮತ್ತು ಕುಂದುಕೊರತೆ ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ಆ ಅಧಿಕಾರಿ ದೂರು ತಲುಪಿದುದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ಆನ್‌ಲೈನ್ ತಂತ್ರಗಳನ್ನು ನಿಷೇಧಿಸುವ ಮಾರ್ಗಸೂಚಿ ಹೊರಡಿಸಿತು. ‘ಇನ್ನೆರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಿಮೆಯನ್ನು ಬುಟ್ಟಿಗೆ ಸೇರಿಸುವುದು, ಹಣ ಕೊಡುವ ಕೊನೆಯ ಹಂತದಲ್ಲಿ ಶುಲ್ಕಗಳನ್ನು ಹೊರಗೆಡಹುವುದು ಇವುಗಳಲ್ಲಿ ಸೇರಿವೆ.

ದೂರು ಮೊದಲು ತಾಣಕ್ಕೆ ಸಲ್ಲಬೇಕು. ಪರಿಹಾರ ದೊರೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆಮೇಲೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ದಾಖಲಿಸಬಹುದು. ಕಂಪನಿ ಎಲ್ಲಿಯೇ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು 2019ರ ಕಾಯ್ದೆ ಅವಕಾಶ ನೀಡಿದೆ. ಹೀಗಾಗಿ ಮಧುಗಿರಿ ತಾಲ್ಲೂಕಿನವರು ತುಮಕೂರಿನ ಆಯೋಗವನ್ನು ಆಶ್ರಯಿಸಬಹುದು. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸುವುದು ಕಡ್ಡಾಯವಲ್ಲ.

ಹಬ್ಬದ ಮಾರಾಟದ ವೇಳೆ ಹೆಸರಾಂತ ತಾಣಗಳನ್ನೇ ಹೋಲುವ ನಕಲಿ ತಾಣಗಳೂ ಹುಟ್ಟಿಕೊಳ್ಳುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೊಂಡಿಯ ಮೂಲಕ ಹಣ ಕಟ್ಟಬಾರದು. ಯುಪಿಐನಲ್ಲಿ ಹಣ ಪಡೆಯಲು ಗುಪ್ತಸಂಖ್ಯೆ ಹಾಕಬೇಕಾಗಿಲ್ಲ. ‘ಹಣ ಮರಳಿಸಲು’ ಅದನ್ನು ಕೇಳುವವರು ವಂಚಕರು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚುತ್ತದೆ.

## ಇವನ್ನೂ ನೋಡಿ

* ಇ-ವಾಣಿಜ್ಯ
* ಗ್ರಾಹಕ ಸಂರಕ್ಷಣಾ ಕಾಯ್ದೆ, 2019
* ಸರಕು ಮತ್ತು ಸೇವಾ ತೆರಿಗೆ
* ನುಡಿ (ತಂತ್ರಾಂಶ)
* ಮಧುಗಿರಿ